ಡಿಶ್‌ವಾಷರ್‌ಗೆ ಚಳಿ ಹಿಡಿದ ಭಾನುವಾರ

ನಮ್ಮ ಮನೆಯ ಡಿಶ್‌ವಾಷರ್‌ಗೆ ಚಳಿ ಹಿಡಿದಿತ್ತು. ಎರಡು ತಾಸು ಗುರುಗುಟ್ಟಿದ ಮೇಲೆ ಬಾಗಿಲು ತೆಗೆದರೆ ತಟ್ಟೆಗಳೆಲ್ಲ ತಣ್ಣಗೆ. ಬಂಗಡೆ ಸಾರಿನ ಜಿಡ್ಡು ಇದ್ದಲ್ಲೇ ಇತ್ತು.

ಮೊದಲು ಕಂಡುಹಿಡಿದದ್ದು ಯಾರು? ನನ್ನ ಮೂಗು! (ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು. ಮೂಗಿಗೆ ಶಾಲೆ ಬೇಕಿಲ್ಲವಲ್ಲ.)

"ಹೀಟರ್ ಸುಟ್ಟೋಗಿದೆ ಆಯಿ," ಎಂದ ಮಗ ಗಣಪತಿ. ಹೊನ್ನಾವರದಲ್ಲಿ ಅದನ್ನು ಬಿಚ್ಚುವವರು ಸಿಗಲಿಲ್ಲ. ಮಂಗಳೂರಿನಿಂದ ಬರಬೇಕಂತೆ. ವಾರವಾದೀತಂತೆ.

"ನಾ ನೋಡ್ತೆ ಅಪ್ಪ," ಎಂದು ಮೊಮ್ಮಗಳು ಸಹನಾ ಎದ್ದು ನಿಂತಳು.

ಇಲ್ಲೊಂದು ಮನೆಯೊಳಗಿನ ಮಾತು ಹೇಳಬೇಕು. ಸಹನಾ ಪಿಯುಸಿ ಮುಗಿಸಿದ್ದಾಳೆ. ಐಟಿಐ ಸೇರಿ ಎಲೆಕ್ಟ್ರಿಷಿಯನ್ ಆಗಬೇಕೆಂಬುದು ಅವಳ ಹಟ. ಬಿ.ಕಾಂ. ಮಾಡಲಿ ಎಂಬುದು ಅಪ್ಪನ ಹಟ. ಐಟಿಐ ಅರ್ಜಿಗೆ ಅಪ್ಪನ ಸಹಿ ಬೇಕು, ಕೊಡಲು ಸೋಮವಾರವೇ ಕೊನೆ. ಆವತ್ತು ಭಾನುವಾರ.

"ಹೆಣ್ಣುಹುಡುಗಿ ಕಂಬ ಹತ್ತೂಕೆ ಹೋಗುದಾ?" ಎಂದು ಗಣಪತಿ ನಕ್ಕ. "ಮೊದ್ಲು ಈ ಮಷಿನ್ ಬಿಸಿ ಮಾಡಿ ತೋರ್ಸು. ಆಮೇಲೆ ಸಹಿ ಹಾಕ್ತೆ."

ಅವನು ಹೇಳಿದ್ದು ತಮಾಷೆಗೆ. ಅವಳು ಕೇಳಿಸಿಕೊಂಡದ್ದು ತಮಾಷೆಗಲ್ಲ.

ಪ್ಲಗ್ ಕಿತ್ತಳು. ನಲ್ಲಿ ಬಂದ್ ಮಾಡಿದಳು. ಮಷಿನ್ ಎಳೆದು, ಪಕ್ಕದ ತಗಡು ಬಿಚ್ಚಿ, ಒಳಗೆ ಟಾರ್ಚ್ ಬಿಟ್ಟಳು. ನನಗೆ ಸ್ಕ್ರೂ ಕಾಯುವ ಕೆಲಸ. ಸೆರಗಿನಲ್ಲಿ ಹಾಕಿಕೊಂಡು ಕೂತೆ.

ಕೂತಲ್ಲೇ ಮನಸ್ಸು ಕಾಗಾಲದ ತವರಿಗೆ ಓಡಿತು. ಬಾವಿಕಟ್ಟೆಯ ಪಕ್ಕ ರಾಶಿ ಪಾತ್ರೆ, ಒಂದು ಗೆರಟೆ ಬೂದಿ, ತೆಂಗಿನ ನಾರಿನ ಉಂಡೆ. ನಾನು ತಿಕ್ಕುವುದು, ಅಕ್ಕ ತೊಳೆಯುವುದು. ಎಲ್ಲರ ಸ್ನಾನ ಮುಗಿದ ಮೇಲೆ ಬಚ್ಚಲ ಹಂಡೆಯಲ್ಲಿ ಉಳಿದ ಬಿಸಿನೀರು ಜಿಡ್ಡಿನ ಪಾತ್ರೆಗಳ ಪಾಲು. ನನ್ನ ಆಯಿ ಹಂಡೆಗೆ ಕೈಯ ಹಿಂಬದಿ ತಾಗಿಸಿ, "ಬಿಸಿ ಸಾಲ್ದು, ಒಲೆಗೆ ಇನ್ನೆರಡು ಕಾಯಿಸಿಪ್ಪೆ ತುರ್ಕೆ," ಎನ್ನುತ್ತಿದ್ದಳು. ಹೊಗೆಗೆ ಕಣ್ಣಲ್ಲಿ ನೀರು, ಅಕ್ಕನ ಮಾತಿಗೆ ಬಾಯಲ್ಲಿ ನಗು. ಚೊಂಬಿನಲ್ಲಿ ಮುಖ ಕಂಡರೇ ಒಳಗೆ ಒಯ್ಯುವುದು. ಯಾರ ಮುಖ ಚಂದ ಎಂದು ಅಲ್ಲೇ ಜಗಳ.

ಆ ನಗು ಇನ್ನೊಮ್ಮೆ ಸಿಕ್ಕೀತೇ?

"ಹೀಟರ್ ಸರಿ ಇದೆ ಅಜ್ಜಿ!" ಸಹನಾ ಕೂಗಿದಳು. ಕರೆಂಟು ಪರೀಕ್ಷಿಸುವ ಪುಟ್ಟ ಮೀಟರಿನ ಎರಡು ಕಡ್ಡಿ ಹೀಟರಿಗೆ ಮುಟ್ಟಿಸಿ ನೋಡಿದ್ದಳು.

"ಹಂಗಾರೆ ಎಂತಕೆ ಬಿಸಿಯಾಗುದಿಲ್ವೆ?"

"ನೀರು ಸಮಾ ಓಡದಿದ್ರೆ ಹೀಟರ್ ಕೆಲಸ ಮಾಡುದಿಲ್ಲ. ಸುಟ್ಟೋಗಬಾರ್ದು ಅಂತ ಹಂಗೆ ಮಾಡಿಟ್ಟಿರ್ತಾರೆ. ಎಲ್ಲೋ ಕಟ್ಕಂಡಿದೆ."

ತಳದ ಜಾಲರಿ ತೆಗೆದಳು. ಅದು ಚೊಕ್ಕ. (ಸೊಸೆ ವಾರವಾರ ತೊಳೆಯುತ್ತಾಳೆ.) ಅದರ ಕೆಳಗೆ ಪಂಪಿನ ಬಾಯಿಗೆ ಬೆರಳು ಹಾಕಿ ಎಳೆದಳು. ಏನೋ ಬಂತು. ಅದನ್ನು ನೋಡಿದಳು. ನನ್ನನ್ನು ನೋಡಿದಳು. ಮುಷ್ಟಿ ಕಟ್ಟಿದಳು.

"ಎಂತ ಸಿಕ್ತು?" ಎನ್ನುತ್ತ ಗಣಪತಿ ಬಂದ.

"ಎಂತ ಇಲ್ಲ ಅಪ್ಪ. ಕಸ."

"ಬರೀ ಕಸ ತೆಗೆದ್ಯಾ? ಇದೆಂತ ರಿಪೇರಿ? ಸಹಿಗಿಹಿ ಇಲ್ಲ ಹೋಗು."

ಹುಡುಗಿ ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದಳು. ನನ್ನ ಮಾನ ಉಳಿಸಲು ತನ್ನ ಅರ್ಜಿಯನ್ನೇ ಬಿಡಲು ಹೊರಟಿದ್ದಳು, ನನ್ನ ಬಂಗಾರ!

"ಮುಷ್ಟಿ ಬಿಚ್ಚೆ," ಎಂದೆ.

ಅಂಗೈಯಲ್ಲಿ ಬೂದಿ ಮೆತ್ತಿದ ತೆಂಗಿನ ನಾರು.

ಕಳ್ಳಿ ನಾನೇ. ಮಷಿನ್ ಬಂದ ದಿನದಿಂದ ಎಲ್ಲರ ಕಣ್ಣು ತಪ್ಪಿಸಿ, ತಳ ಹಿಡಿದ ಪಾತ್ರೆಗಳನ್ನು ಹಿತ್ತಲಲ್ಲಿ ಬೂದಿ, ನಾರು ಹಾಕಿ ತಿಕ್ಕಿ ಹಾಗೆಯೇ ಒಳಗಿಡುತ್ತಿದ್ದೆ. ತಿಕ್ಕುವುದು ನಾನು, ತೊಳೆಯುವುದು ಮಷಿನ್. ಅಕ್ಕನ ಜಾಗದಲ್ಲಿ ಅದನ್ನು ನಿಲ್ಲಿಸಿಕೊಂಡಿದ್ದೆ, ಅಷ್ಟೇ.

"ಆಯಿ! ತಿಕ್ಕುದು ಬೇಡ ಅಂತ್ಲೇ ಮಷಿನ್ ತಂದದ್ದಲ?"

"ಅಷ್ಟು ಕೊಳಕು ಪಾತ್ರೆ ಕೊಟ್ರೆ ಅದು ನಮ್ಮನ್ನ ಎಂತ ಅಂದ್ಕಂತದ್ಯೋ?"

ಗಣಪತಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗಲಿಲ್ಲ.

"ಹೀಟರ್ ಸುಟ್ಟೋಗಿದೆ ಅಂದವ ನೀನು. ಸುಟ್ಟಿಲ್ಲ ಅಂತ ತೋರ್ಸಿದ್ದು ಯಾರು? ನಾರು ಸಿಕ್ಕಿಸೂಕೆ ನನ್ನಂಥವಳು ಸಾಕು. ಎಲ್ಲಿ ಸಿಕ್ಕಿದೆ ಅಂತ ಕಾಣೂಕೆ ವಿದ್ಯೆ ಬೇಕೋ."

ಸಹನಾ ಎಲ್ಲ ಜೋಡಿಸಿದಳು. ಸ್ಕ್ರೂಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟೆ. ಸ್ವಿಚ್ ಒತ್ತಿದಳು. ಅರ್ಧ ತಾಸು ಯಾರೂ ಅಡುಗೆಮನೆ ಬಿಟ್ಟು ಕದಲಲಿಲ್ಲ. ಆಮೇಲೆ ಅವಳು ಬಾಗಿಲನ್ನು ಒಂದಿಷ್ಟೇ ಸರಿಸಿದಳು. ಬುಸ್ಸೆಂದು ಹಬೆ! ಗಣಪತಿಯ ಕನ್ನಡಕ ಪೂರ್ತಿ ಮಸುಕು.

ಅವನು ಕನ್ನಡಕ ಒರೆಸಿದ. ಒರೆಸುತ್ತಲೇ ಇದ್ದ. ಕೊನೆಗೆ, "ಆತು. ಪೆನ್ ಕೊಡು," ಎಂದ.

ಸೋಮವಾರ ಅರ್ಜಿ ಕೊಡಲು ನಾನೂ ಹೋದೆ. ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿದೆ. ಪಕ್ಕದ ಸೀಟಿನ ಮೀನಿನ ಬುಟ್ಟಿಯವಳಿಗೆ ಹೇಳಿದೆ. ಕೇಳದವರಿಗೂ ಹೇಳಿದೆ. ಈಗ ನಿಮಗೆ ಹೇಳುತ್ತಿದ್ದೇನೆ, ನನ್ನ ಮೊಮ್ಮಗಳು ಎಲೆಕ್ಟ್ರಿಷಿಯನ್ ಆಗುತ್ತಾಳೆ!

ಒಂದೇ ಒಂದು ಮಾತು ಮಾತ್ರ ನನಗಿನ್ನೂ ತಿಳಿದಿಲ್ಲ. ಪಾತ್ರೆ ತಿಕ್ಕಲು ಯಾವ ಹುಡುಗಿಗೂ ಅಪ್ಪನ ಸಹಿ ಬೇಕಿಲ್ಲ; ಪಾತ್ರೆ ತಿಕ್ಕುವ ಮಷಿನ್ ಬಿಚ್ಚಲು ಮಾತ್ರ ಏಕೆ ಬೇಕು?