ಬಲಗೈ ಪರಮೇಶ್ವರಪ್ಪನವರ ಎಡಚಿ

"ನನ್ನ ಥಿಯೇಟರಿಗೆ ಎಡಗೈ ತಂದೋರೆಲ್ಲ ಬಲಗೈ ತಗೊಂಡು ಹೋಗ್ಯಾರೆ. ಮನಸ್ಸಿದ್ರೆ ಯಾವ ಕೈಯಾದ್ರೂ ಬಗ್ಗತೈತೆ!" ಎಂದು ಡಾಕ್ಟರ್ ಪರಮೇಶ್ವರಪ್ಪ ದಾವಣಗೆರೆಯ ಆಸ್ಪತ್ರೆಗೆ ಸರ್ಜರಿ ಕಲಿಯಲು ಬಂದವರ ಮುಂದೆಲ್ಲ ಎದೆ ತಟ್ಟಿಕೊಳ್ಳುತ್ತಿದ್ದರು. ತಟ್ಟಿಕೊಳ್ಳುವುದೂ ಬಲಗೈಯಲ್ಲೇ. ಆ ಕೈಯ ಖ್ಯಾತಿ ಸಾಮಾನ್ಯದ್ದಲ್ಲ. ಅವರು ಕಾರಿಡಾರಿನಲ್ಲಿ ಒಮ್ಮೆ ಕೆಮ್ಮಿದರೆ ಸಾಕು, ವಾರ್ಡಿನ ಅಪೆಂಡಿಕ್ಸುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊಟ್ಟೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದವಂತೆ.

ಅಂಥವರ ಕೈಗೆ ಸಿಕ್ಕಿದವಳು ಹರಿಹರದ ನುಜತ್. ಬಳೆ ಅಂಗಡಿ ಬಡೇಸಾಬರ ಮಗಳು, ಹುಟ್ಟಾ ಎಡಚಿ. ಆ ಕೈಯನ್ನು ಸರಿಮಾಡಲು ದಾದಿ, ಅಂದರೆ ಅಪ್ಪನ ತಾಯಿ, ಇಮಾಂಬೀ ಮಾಡದ ಉಪಾಯವಿಲ್ಲ. ಬೇವಿನೆಣ್ಣೆ ಬಳಿದಳು, ಮೆಣಸಿನಕಾಯಿ ಅರೆದು ಮೆತ್ತಿದಳು. ಹರಿಹರದ ಸಂತೆಗೆ ಬಂದ ಮೆಣಸಿನಕಾಯಿಯಲ್ಲಿ ಅರ್ಧ ಆ ಐದು ಬೆರಳಿಗೇ ಖರ್ಚಾಯಿತು. ಕೊನೆಗೆ ಊಟವೊಂದು ಬಲಗೈಗೆ ಬಂತು. ಮಿಕ್ಕಿದ್ದೇನನ್ನೂ ಎಡಗೈ ಬಿಟ್ಟುಕೊಡಲಿಲ್ಲ. ಎಂಬಿಬಿಎಸ್ಸನ್ನೂ ಅದೇ ಬರೆದು ಮುಗಿಸಿತು.

ಮೆಣಸಿನಕಾಯಿಗೆ ಬಗ್ಗದ ಕೈ ಕತ್ತರಿಯ ಮುಂದೆ ಸೋತಿತು. ಆಪರೇಷನ್ ಕತ್ತರಿ ಬಲಗೈಯವರಿಗೆಂದೇ ಹುಟ್ಟಿದ್ದು. ಬಲಗೈ ಹೆಬ್ಬೆರಳು ಒತ್ತಿದರೆ ಅದರ ಎರಡು ಅಲಗು ಒಂದಕ್ಕೊಂದು ಅಂಟುತ್ತವೆ. ಎಡಗೈ ಒತ್ತಿದರೆ ಜಗಳವಾಡಿದ ಓರಗಿತ್ತಿಯರಂತೆ ದೂರ ಸರಿಯುತ್ತವೆ. ದಾರ ತುಂಡಾಗುವುದಿಲ್ಲ, ಮಡಚಿಕೊಳ್ಳುತ್ತದೆ. ಸೂಜಿ ಹಿಡಿಯುವ ಇಕ್ಕಳದ ಕಥೆಯೂ ಅಷ್ಟೇ: ಬಲಗೈಗೆ ಚಿಟಕ್ಕೆಂದು ಬಿಚ್ಚುವ ಅದರ ಹಲ್ಲು ಎಡಗೈಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ಪರಮೇಶ್ವರಪ್ಪನವರಿಗೆ ಇದು ಹಬ್ಬವಾಯಿತು. "ತಪ್ಪು ಮಾಡೋ ಕೈನ ಕಟ್ಟಬೇಕು" ಎಂದು ಕಾನೂನು ಮಾಡಿದರು. ಪ್ರತಿ ಸೋಮವಾರ ಕಲಿಕೆಯ ಕೋಣೆಯಲ್ಲಿ ಎಲ್ಲರೆದುರು ಅವಳ ಎಡಗೈಯನ್ನು ಗಾಯಕ್ಕೆ ಸುತ್ತುವ ಗಾಜ್ ಬಟ್ಟೆಯ ಪಟ್ಟಿಯಿಂದ ಸೊಂಟಕ್ಕೆ ಕಟ್ಟಿಸುವುದು. ಒಂಟಿ ಬಲಗೈಯಿಂದ ಮೇಕೆ ಕರುಳು ಹೊಲಿಸಿ, ಒಳಗೆ ನೀರು ಬಿಟ್ಟು ನೋಡುವುದು. ಹನಿ ಸೋರದಿದ್ದರೆ ಅವಳಿಗೆ ಸ್ವಂತ ಕೈಯಿಂದ ಮೊದಲ ಆಪರೇಷನ್. ಸೋರಿದರೆ, ಬೇರೆಯವರು ಕೊಯ್ಯುವಾಗ ಹೊಟ್ಟೆ ಅಗಲಿಸಿ ಹಿಡಿಯುವ ಕೊಕ್ಕೆಯೇ ಗತಿ. ಅವಳ ಜೊತೆ ಸೇರಿದವರೆಲ್ಲ ಹರ್ನಿಯಾ ಮಾಡಿ ಬೀಗುತ್ತಿದ್ದರು. ನುಜತ್ ಕೊಕ್ಕೆ ಹಿಡಿದು ಹಿಡಿದು ಗೋಡೆಯ ಮೊಳೆಯಂತಾಗಿದ್ದಳು.

"ತಪ್ಪು ತಿಳ್ಕಬ್ಯಾಡ್ರಿ ಮೇಡಂ, ಸಡಿಲಾಗೇ ಕಟ್ಟೀನಿ" ಎಂದು ಅಟೆಂಡರ್ ರುದ್ರಮುನಿ ಪಿಸುಗುಟ್ಟುತ್ತಿದ್ದ. ಪರಮೇಶ್ವರಪ್ಪ ಬಂದು ಗಂಟನ್ನು ಜಗ್ಗಿ ಬಿಗಿ ಮಾಡುತ್ತಿದ್ದರು. ಬೆರಳು ನೀಲಿಯಾಗುತ್ತಿತ್ತು, ಕರುಳು ಸೋರುತ್ತಿತ್ತು, ಜೊತೆಯವರು ಕಿಸಕ್ಕೆನ್ನುತ್ತಿದ್ದರು.

"ನಿಮ್ಮಪ್ಪನ ಅಂಗಡೀಲಿ ಕೂಡ್ರವ್ವ. ಬಳೆ ತೊಡಸಾಕೆ ಎಡಗೈ ಸಾಕು" ಎನ್ನುತ್ತಿದ್ದರು ಪರಮೇಶ್ವರಪ್ಪ.

ಅವಳು ಸ್ಟೈಪೆಂಡ್ ಉಳಿಸಿ ಎಡಗೈಯವರಿಗೆಂದೇ ಮಾಡಿದ ಕತ್ತರಿ, ಇಕ್ಕಳ ತರಿಸಿದಳು. ಪರಮೇಶ್ವರಪ್ಪ ಅವನ್ನು ಬೆಳಕಿಗೆ ಹಿಡಿದು ನೋಡಿ, "ಆಟದ ಸಾಮಾನು" ಎಂದು ರಕ್ತದ ಹತ್ತಿಯ ಬಕೀಟಿಗೆ ಹಾಕಿದರು. ಎಲ್ಲರೂ ಹೋದ ಮೇಲೆ ಅವಳು ಬಕೀಟಿಗೆ ಕೈ ಹಾಕಿ ಹುಡುಕಿ, ತೊಳೆದು ಇಟ್ಟುಕೊಂಡಳು.

ಹೀಗಿರಲು ಒಂದು ಅಮಾವಾಸ್ಯೆ ಪರಮೇಶ್ವರಪ್ಪ ಅಜ್ಜಯ್ಯನ ಗದ್ದುಗೆಯ ದರ್ಶನಕ್ಕೆಂದು ಹೊಳೆದಂಡೆಯ ಉಕ್ಕಡಗಾತ್ರಿಗೆ ಹೋದರು. ಹೊಳೆಯ ಮೆಟ್ಟಿಲಲ್ಲಿ ಕಾಲು ಜಾರಿತು. ಇಡೀ ಮೈ ಉಳಿಯಿತು; ಮುರಿದದ್ದು ಬಲಗೈ ಮಣಿಕಟ್ಟೊಂದೇ. ಆ ಸದ್ದಿಗೆ ಹರಿಹರದ ಸೇತುವೆ ಮೇಲೆ ಬಸ್ಸುಗಳು ನಿಂತವು ಎನ್ನುವವರಿದ್ದಾರೆ. ಸೋಮವಾರ ಪ್ಲಾಸ್ಟರ್ ಹಾಕಿದ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ಬಂದೇ ಬಂದರು. ನುಜತ್‌ಳ ಕೈ ಕಟ್ಟಿಸುವ ಸುಖ ಬಿಟ್ಟಾರೆಯೇ?

ಪಟ್ಟಿ ಹಿಡಿದ ರುದ್ರಮುನಿಯನ್ನು ತಡೆದು, "ನಿಲ್ಲಪ್ಪಾ, ಇವತ್ತು ನಾನೇ ಎಡಗೈಲಿ ಹೊಲ್ದು ತೋರಿಸ್ತೀನಿ. ನೋಡ್ಕಳವ್ವ, ಮನಸ್ಸು ಅಂದ್ರೇನು ಅಂತ" ಎಂದರು.

ಇಕ್ಕಳ ಸೂಜಿಯನ್ನು ಹಿಡಿಯಿತು, ಬಿಡಲಿಲ್ಲ. ಒತ್ತಿದರು, ಇನ್ನಷ್ಟು ಕಚ್ಚಿತು. ಕೊಡವಿದರು. ಮೇಕೆ ಕರುಳು ತಟ್ಟೆಯಿಂದೆದ್ದು ಮೊಳಕೈವರೆಗೆ ಸುತ್ತಿಕೊಂಡು, ಸತ್ತ ಮೇಕೆ ಸೇಡು ತೀರಿಸಿಕೊಳ್ಳುತ್ತಿರುವಂತೆ ಕುಣಿಯಿತು. ಕತ್ತರಿ ದಾರವನ್ನು ಬೊಚ್ಚುಬಾಯಲ್ಲಿ ಚೀಪಿತು. ಅಂತೂ ಮುಗಿಸಿ ನೀರು ಬಿಟ್ಟಾಗ, ಅದು ನೇರ ಅವರ ಹಣೆಗೆ ಚಿಮ್ಮಿ ವಿಭೂತಿಯನ್ನು ಮೂಗಿಗಿಳಿಸಿತು.

"ಕತ್ತರಿ ಮೊಂಡೈತೆ" ಎಂದರು ಪರಮೇಶ್ವರಪ್ಪ.

ರುದ್ರಮುನಿ ಗೋಡೆಯ ಕಡೆ ತಿರುಗಿ ನಿಂತ. ಅವನ ಭುಜ ಮಾತ್ರ ಕುಲುಕುತ್ತಿತ್ತು. ನುಜತ್ ಏಪ್ರನ್ ಜೇಬಿನಿಂದ ಬಕೀಟಿನ ಕತ್ತರಿ, ಇಕ್ಕಳ ತೆಗೆದು, ಹೊಸ ಕರುಳನ್ನು ಎಡಗೈಯಲ್ಲೇ ಹೊಲಿದಳು. ನೀರು ಬಿಟ್ಟಳು. ಕರುಳು ಉಬ್ಬಿತು, ಹನಿ ಹೊರಬರಲಿಲ್ಲ.

ಪರಮೇಶ್ವರಪ್ಪ ಬಗ್ಗಿ ನೋಡಿದರು, ಬೆರಳಿನಿಂದ ಒತ್ತಿಯೂ ನೋಡಿದರು. ಆಮೇಲೆ ಮುಖ ಒರೆಸಿಕೊಂಡು, "ಇದು ಲೆಕ್ಕಕ್ಕಿಲ್ಲ. ಎಡಗೈಲಿ ಹೊಲ್ದಿದ್ದು. ಥಿಯೇಟರಿನಾಗ ಕೊಕ್ಕೇನೇ ಹಿಡಿ. ರುದ್ರಮುನಿ, ಕಟ್ಟು ಆ ಕೈನ!" ಎಂದರು.

ರುದ್ರಮುನಿ ಕದಲಲಿಲ್ಲ. ನುಜತ್ ಅವನಿಂದ ಪಟ್ಟಿ ತೆಗೆದುಕೊಂಡು, ದೊಡ್ಡವರ ಮುಂದೆ ಎಂದೂ ಚಾಚಬಾರದೆಂದು ದಾದಿ ಹೊಡೆದು ಕಲಿಸಿದ್ದ ಅದೇ ಎಡಗೈಯಲ್ಲಿ ಅವರ ಮುಂದೆ ಹಿಡಿದಳು.

"ತಪ್ಪು ಮಾಡೋ ಕೈನ ಕಟ್ಟಬೇಕು ಅಂತ ನೀವೇ ಅಲ್ರಿ ಸರ್ ಹೇಳಿದ್ದು? ನಿಮ್ಮ ಬಲಗೈನ ಉಕ್ಕಡಗಾತ್ರಿ ಅಜ್ಜಯ್ಯ ಆಗಲೇ ಕಟ್ಟಿ ಕಳ್ಸ್ಯಾನೆ. ಎಡಗೈ ಚಾಚ್ರಿ, ಇದನ್ನ ನಾನು ಕಟ್ತೀನಿ."