ಗಾಳಿಗೆ ಬೆನ್ನು ಕೊಟ್ಟ ಮನೆ

ಫೆಮ್ಮಿಗೆ ಅರವತ್ತೇಳು ವಯಸ್ಸು. ಹಾಲೆಂಡಿನ ಡ್ರೆಂತೆ ಸೀಮೆಯಲ್ಲಿ ಹಳ್ಳಿಹಳ್ಳಿ ಸುತ್ತಿ, ಕೊಟ್ಟಿಗೆಗಳಿಂದ ಹಾಲು ತುಂಬಿಕೊಳ್ಳುವ ಟ್ಯಾಂಕರ್ ಓಡಿಸಿಯೇ ಆಕೆಯ ಕೂದಲು ಬೆಳ್ಳಗಾಯಿತು. ನಿವೃತ್ತಿಯಾದ ಮೇಲೂ ಸ್ಟೀರಿಂಗ್ ಬಿಡಲಿಲ್ಲ. ಚಳಿಗಾಲದ ಕೊನೆಗೆ ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಕಟ್ಟಿಕೊಂಡು ಸ್ಪೇನಿಗೆ ಹೊರಡುವುದೇ ಅವಳ ತೀರ್ಥಯಾತ್ರೆ. ಗಂಡ ಹಾರ್ಮ್ ಪಕ್ಕದಲ್ಲಿ ಕೂತು ನಕ್ಷೆ ನೋಡುತ್ತಾನೆ, ಗೊಣಗುತ್ತಾನೆ. ಕ್ಯಾರವಾನಿನ ಮಂಚದ ಕೆಳಗೆ ಊರಿನ ಆಲೂಗಡ್ಡೆಯ ಮೂಟೆ. ಸ್ಪೇನಿನಲ್ಲಿ ಆಲೂಗಡ್ಡೆ ಸಿಗುವುದಿಲ್ಲವೆಂದಲ್ಲ, ಪರದೇಶದ ಆಲೂಗಡ್ಡೆಯನ್ನು ನಂಬುವುದು ಹೇಗೆ?

ಈ ಸಲ ಅವರು ಬಿಡಾರ ಹೂಡಿದ್ದು ಸ್ಪೇನಿನ ತೆರುವೆಲ್ ಕಡೆಯ ಎತ್ತರದ ಬಯಲಿನ ಕ್ಯಾರವಾನ್ ತಂಗುದಾಣದಲ್ಲಿ. ಅಲ್ಲಿ ಗಾಳಿಯೋ ಗಾಳಿ, ಮೂಳೆ ಕೊರೆಯುವ ಚಳಿ. ಬಾಗಿಲ ಮುಂದೆ ಕಟ್ಟುವ ಬಟ್ಟೆಯ ಚಪ್ಪರ ಎರಡು ಸಲ ಕಿತ್ತುಹೋಯಿತು. ಎರಡನೇ ಸಲ ಹಾರಿ ಪಕ್ಕದ ಕ್ಯಾರವಾನಿನ ಕೋಬಸನ ತಲೆಯ ಮೇಲೇ ಬಿತ್ತು.

"ನಿಮ್ ಚಪ್ಪರ ನಮ್ಮನೆಗೆ ನೆಂಟ್ರ ಥರ ಬಂದಿದೆ, ಕಾಫಿ ಕೊಟ್ಟು ಕಳಿಸ್ಲಾ?" ಎಂದು ಕೋಬಸ್ ಅಲ್ಲಿಂದಲೇ ಕೂಗಿದ.

ಹಾರ್ಮ್ ನಗಲಿಲ್ಲ. "ನಾಳೆ ಕಾಫಿ ಹೊತ್ತಿಗೆ ಈ ಚಪ್ಪರ ನೆಟ್ಟಗೆ ನಿಲ್ಲಲಿಲ್ಲ ಅಂದ್ರೆ ಊರಿಗೆ ವಾಪಸ್. ಕ್ಯಾರವಾನ್ ಮಾರ್ಬಿಡೋಣ ಫೆಮ್ಮಿ. ನಂಗೆ ಸಾಕಾಯ್ತು."

"ಚಪ್ಪರ ಇಲ್ದಿದ್ರೆ ಸತ್ತೋಗ್ತೀಯಾ?"

"ಒಳಗೆ ಮುದುರ್ಕೊಂಡು ಕಾಫಿ ಕುಡಿಯೋದಾದ್ರೆ ಮನೇಲೇ ಕುಡೀಬೋದಲ್ಲ!"

ಅವನು ಹೇಳಿದ್ದೂ ನಿಜವೇ. ಬಿಸಿಲು ಕಂಡರೆ ಸಾಕು, ಕಾಫಿ ಬಟ್ಟಲು ಹಿಡಿದು ಹೊರಗೆ ಕೂರುವ ಜನ ಅವರು. ಹಾರ್ಮ್ ಹಟ ಹಿಡಿದರೆ ಬಿಡುವವನೂ ಅಲ್ಲ. ಕ್ಯಾರವಾನ್ ಹೋದರೆ ತನಗೆ ಉಳಿಯುವುದು ಸೋಫಾ ಮತ್ತು ಟಿವಿ ಎಂದು ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಬ್ರೆಡ್ ತರಲು ಹೊರಟವಳು ಬೇಲಿಯ ಹತ್ತಿರ ನಿಂತುಬಿಟ್ಟಳು. ಆಚೆ ಒಂದು ಕುರಿಹಿಂಡು. ಎಲ್ಲವೂ ಗಾಳಿಗೆ ಕುಂಡೆ ತಿರುಗಿಸಿ ನೆಮ್ಮದಿಯಾಗಿ ನಿಂತಿವೆ. ಊರಿನ ಹಸುಗಳೂ ಹೀಗೇ ತಾನೆ ನಿಲ್ಲುತ್ತಿದ್ದುದು? ಬಿರುಗಾಳಿಗೆ ಮುಖ ಕೊಟ್ಟ ಹಸುವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ತಾನು ಮಾತ್ರ ಎಲ್ಲಿ ಹೋದರೂ ಬಾಗಿಲನ್ನು ಪಡುವಣಕ್ಕೇ ಇಡುವವಳು, ಸಂಜೆ ಬಿಸಿಲು ಮುಖಕ್ಕೆ ಬೀಳಲಿ ಎಂದು. ಇಲ್ಲಿ ಗಾಳಿ ಬರುವುದೂ ಆ ದಿಕ್ಕಿನಿಂದಲೇ.

"ಥೂ, ನನ್ನ ಬುದ್ಧಿಗಿಷ್ಟು!" ಎಂದವಳೇ ಬ್ರೆಡ್ ಮರೆತು ಹಿಂದಿರುಗಿದಳು. ಕಾರಿಗೆ ಕ್ಯಾರವಾನ್ ಕಟ್ಟಿದಳು, ಹೊರಗೆಳೆದಳು, ತಿರುಗಿಸಿ ಅದೇ ಜಾಗಕ್ಕೆ ಹಿಂದಕ್ಕೆ ಬಿಡತೊಡಗಿದಳು. ಯಾರಾದರೂ ಕ್ಯಾರವಾನ್ ಹಿಂದಕ್ಕೆ ಬಿಟ್ಟರೆ ಬಿಡಾರದವರೆಲ್ಲ ಬಟ್ಟಲು ಹಿಡಿದು ಬುದ್ಧಿ ಹೇಳಲು ಬರುವುದುಂಟು. ಅಂದೂ ಬಂದರು.

"ಎಡಕ್ಕೆ, ಎಡಕ್ಕೆ! ಅಯ್ಯೋ, ಕಂಬಕ್ಕೆ ಹೊಡೀತು!" ಎಂದ ಕೋಬಸ್. ಕಂಬ ಇನ್ನೂ ಒಂದು ಮಾರು ದೂರವಿತ್ತು.

ಫೆಮ್ಮಿ ಕಿಟಕಿ ಇಳಿಸಿದಳು. "ಕೋಬಸ್, ನಾನು ಟ್ಯಾಂಕರ್ ಓಡಿಸ್ತಿದ್ದಾಗ ನಿಂಗೆ ಚಡ್ಡಿ ಹಾಕ್ಕೊಳ್ಳೋಕೂ ಬರ್ತಿರ್ಲಿಲ್ಲ. ಸುಮ್ನೆ ಕಾಫಿ ಕುಡಿ."

ಒಂದೇ ಪಟ್ಟಿಗೆ ಕ್ಯಾರವಾನ್ ಗಾಳಿಗೆ ಬೆನ್ನು ಕೊಟ್ಟು ನಿಂತಿತು. ಅವಳು ಮತ್ತೆ ಕಟ್ಟಿದ ಚಪ್ಪರ ಒಮ್ಮೆ ಪಟಪಟಿಸಿ ಸುಮ್ಮನಾಯಿತು. ಮೂಡಣದ ಬಿಸಿಲು ನೇರವಾಗಿ ಒಳಗೆ ಬಂತು.

ಹಾರ್ಮ್ ಕೋಟು ಟೋಪಿ ಸಮೇತ ಬಂದು ಕೂತ. ಅವಳು ಕಾಫಿ ಬಗ್ಗಿಸಿದಳು, ಅವನು ಬಿಸ್ಕತ್ತಿನ ಡಬ್ಬಿ ತೆಗೆದ. ಆ ಮನೆಯಲ್ಲಿ ಒಂದು ಕಾಫಿಗೆ ಒಂದೇ ಬಿಸ್ಕತ್ತು, ಆಮೇಲೆ ಮುಚ್ಚಳ. ಮುಚ್ಚಿದ ಡಬ್ಬಿ ಮತ್ತೆ ತೆರೆದದ್ದು ಎರಡೇ ಸಲ: ಮಗಳು ಹುಟ್ಟಿದ ದಿನ, ಮತ್ತೆ ದೇಶದ ಫುಟ್‌ಬಾಲ್ ತಂಡ ಕಪ್ ಗೆದ್ದ ದಿನ. ಹಾರ್ಮ್ ಅವಳಿಗೊಂದು ಕೊಟ್ಟು, ತಾನೊಂದು ತಿಂದು ಟಪ್ಪೆಂದು ಮುಚ್ಚಿದ. ಊರಿಗೆ ವಾಪಸಾಗುವ ಮಾತು ಈಗ ಎತ್ತಿಯಾನೆಂಬ ಭಯಕ್ಕೆ ಫೆಮ್ಮಿ ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದುತ್ತಲೇ ಕೂತಳು.

ಹಾರ್ಮ್ ಕಾಲು ಚಾಚಿದ. ಚಪ್ಪರವನ್ನು ನೋಡಿದ. ಟೋಪಿ ತೆಗೆದಿಟ್ಟ. ಆಮೇಲೆ ಡಬ್ಬಿಯನ್ನು ಮತ್ತೆ ತೆರೆದು ಅವಳ ಮುಂದೆ ಹಿಡಿದ.

"ಇನ್ನೊಂದಾ?" ಎಂದಳು ಫೆಮ್ಮಿ, ನಂಬಲಾರದೆ.

"ಆಲೂಗಡ್ಡೆ ಇನ್ನೂ ಅರ್ಧ ಮೂಟೆ ಇದೆಯಲ್ಲ. ಮುಗಿಸ್ಕೊಂಡೇ ಹೋಗೋಣ."

ಫೆಮ್ಮಿಗೆ ಅಳುವಷ್ಟು ಸಂತೋಷವಾಯಿತು. ಅವಳು ಎರಡು ತೆಗೆದುಕೊಂಡಳು. ಹಾರ್ಮ್ ನೋಡಿಯೂ ಸುಮ್ಮನಿದ್ದ.