ಕಸಬರಿಗೆಯ ಲೆಕ್ಕದಲ್ಲಿ ತಾನೂಬಾಯಿ

ತಾನೂಬಾಯಿ ವಾಯದಂಡೆ ನಮ್ಮ ಕರಾಡ ಶಾಖೆಯಲ್ಲಿ ಇಪ್ಪತ್ತೈದು ವರ್ಷ ಕಸ ಹೊಡೆದಳು. ಕಾಗದಪತ್ರ ನೋಡಿದರೆ ಎಂಟೇ ವರ್ಷ. ಉಳಿದ ಹದಿನೇಳು ವರ್ಷ ಆಕೆ ಕಾಗದದ ಮೇಲೆ ಕಸಬರಿಗೆ, ಫಿನೈಲು, ನೆಲ ಒರೆಸುವ ಅರಿವೆ ಆಗಿದ್ದಳು. ಹಾಗೆ ಬರೆಯಲು ಶುರು ಮಾಡಿದವನು ನಾನು, ಅರವಿಂದ ಗಿಜರೆ, ಆ ಶಾಖೆಯ ಲೆಕ್ಕದ ಗುಮಾಸ್ತ. ಆಕೆಯ ಒಳ್ಳೆಯದಕ್ಕೇ ಬರೆದೆ. ಈ ಮಾತನ್ನು ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ, ಒಂದು ಸಲವೂ ಸಮಾಧಾನವಾಗಿಲ್ಲ.

ನಮ್ಮದು ಸರಕಾರದ ದುಡ್ಡನ್ನು ಕಾರಖಾನೆಯವರಿಗೆ ಸಾಲವಾಗಿ ಕೊಡುವ ಮಂಡಳ. ಹಿಟ್ಟಿನ ಗಿರಣಿಯವರು, ಲೇತ್ ಹಾಕಿಕೊಂಡವರು, ಇಂಥ ಸಣ್ಣವರು ತಿಂಗಳು ತಿಂಗಳು ಬಂದು ಕಂತು ಕಟ್ಟಿ, ಮೇಲೆ ಕೈಮುಗಿದು ಹೋಗುತ್ತಿದ್ದರು. ದೊಡ್ಡವರು ಸಾಲ ತೆಗೆದುಕೊಂಡು ಮೀಸೆ ತಿರುವುತ್ತ ಹೋದರೆ ಮತ್ತೆ ನಮ್ಮ ಓಣಿಯಲ್ಲಿ ಹಾಯುತ್ತಿರಲಿಲ್ಲ.

ತಾನೂಬಾಯಿ ಬಂದದ್ದು ಎಂಬತ್ತಾರರಲ್ಲಿ. ಗಂಡ ಕಾಲುವೆಯ ಕೆಲಸದಲ್ಲಿ ಮಣ್ಣು ಕುಸಿದು ತೀರಿಕೊಂಡಿದ್ದ. ಕಂಕುಳಲ್ಲಿ ಎರಡು ವರ್ಷದ ಹೆಣ್ಣುಕೂಸು, ಛಬೂ. ಆ ಕೂಸಿಗೆ ಆಗಲೇ ಮೂರ್ಛೆರೋಗ. ದಿನಗೂಲಿಯ ಮೇಲೆ ಇಟ್ಟುಕೊಂಡೆವು. ಪ್ರತಿ ಶನಿವಾರ ಹಾಜರಿ ಪುಸ್ತಕದಲ್ಲಿ ನಾನು ಆಕೆಯ ಹೆಸರು ಬರೆದು, ಹೆಬ್ಬಟ್ಟು ಒತ್ತಿಸಿಕೊಂಡು ಕೂಲಿ ಕೊಡುತ್ತಿದ್ದೆ. ಆಫೀಸಿನವರೆಲ್ಲ ಮಾವಶಿ ಮಾವಶಿ ಎಂದು ಕರೆಯುವವರೇ. ಆಕೆಗೊಂದು ಹೆಸರಿದೆ ಅನ್ನುವುದು ಆ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಛಬೂ ನನ್ನ ಮೇಜಿನ ಕೆಳಗೇ ಬೆಳೆದಳು. ಮೈ ಬೆಳೆಯಿತು, ಬುದ್ಧಿ ಐದು ವರ್ಷದ ಮಗುವಿನದಾಗಿಯೇ ಉಳಿಯಿತು. ಅವ್ವ ಒತ್ತಿದ ಮೇಲೆ ತಾನೂ ಒತ್ತಬೇಕೆಂದು ಹಟ. ನಾನೊಂದು ರದ್ದಿ ಕಾಗದ ಮುಂದೆ ಹಿಡಿಯುತ್ತಿದ್ದೆ. ಒತ್ತಿ, ಬೆರಳು ಚಾಚಿಕೊಂಡು ನಿಲ್ಲುವಳು. ಅದನ್ನು ಒರೆಸುವ ಕೆಲಸವೂ ನನ್ನದೇ.

"ಭಾವುಸಾಹೇಬ, ಇಕೀಗೂ ಪಗಾರ ಕೊಡ್ರಿ ಮತ್ತ. ಹೆಬ್ಬಟ್ಟು ಒತ್ಯಾಳ," ಎಂದು ತಾನೂಬಾಯಿ ನಗುತ್ತಿದ್ದಳು.

"ಇಕೀ ನಮ್ಮ ಮ್ಯಾನೇಜರ್ ಆಗ್ತಾಳ, ತಡಿ. ಆವಾಗ ನನಗ ಇಕೀನ ಕೊಡ್ತಾಳ ಪಗಾರ," ಎನ್ನುತ್ತಿದ್ದೆ ನಾನು.

ತೊಂಬತ್ನಾಲ್ಕರಲ್ಲಿ ಮುಂಬಯಿಯ ಮುಖ್ಯ ಕಚೇರಿಯಿಂದ ಸುತ್ತೋಲೆ ಬಂತು. ಸಾಲ ವಸೂಲಾಗುತ್ತಿಲ್ಲ, ಆದಾಯ ಇಳಿದಿದೆ, ಆದ್ದರಿಂದ ಸಿಬ್ಬಂದಿಯ ಪಗಾರದ ಖರ್ಚು ಇಷ್ಟರೊಳಗೆ ಬರಬೇಕು, ದಿನಗೂಲಿಯವರನ್ನು ತಿಂಗಳೊಳಗೆ ತೆಗೆಯಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೋಟಿ ನುಂಗಿದವರ ಜ್ವರಕ್ಕೆ ಬರೆ ಬೀಳುವುದು ದಿನಕ್ಕೆ ಮೂವತ್ತೈದು ರೂಪಾಯಿಯ ತಾನೂಬಾಯಿಯ ಬೆನ್ನಿಗೆ.

ಆಗ ಮ್ಯಾನೇಜರ್ ಆಗಿದ್ದವರು ಇನಾಮದಾರ ಸಾಹೇಬರು, ಈಗಿಲ್ಲ. ಒಳ್ಳೆಯ ಮನುಷ್ಯ. ಸುತ್ತೋಲೆಯನ್ನು ನನ್ನ ಕಡೆ ತಳ್ಳಿ, "ಗಿಜರೆ, ಆ ಹುಡಿಗೀನ್ನ ಕಟಿಗೊಂಡು ಎಲ್ಲಿಗೆ ಹೋಗಬೇಕ್ರೀ ಆಕೀ? ಏನಾರೆ ಹಾದಿ ಹುಡುಕ್ರಿ," ಎಂದರು.

ಹಾದಿ ಹುಡುಕುವುದರಲ್ಲಿ ನಾನು ಜಾಣ. ಜಿಲ್ಲೆಯಲ್ಲೆಲ್ಲ ಆ ಮಾತಿತ್ತು. ಮುಖ್ಯ ಕಚೇರಿಯವರು ಕಣ್ಣಿಗೆ ಎಣ್ಣೆ ಹಾಕಿಕೊಂಡು ನೋಡುವುದು ಪಗಾರದ ಕಾಲಮನ್ನು. ಅದರ ಪಕ್ಕದಲ್ಲಿ ಕಚೇರಿ ನಡೆಸುವ ಖರ್ಚಿನ ಕಾಲಮ್ ಇತ್ತು. ಕರೆಂಟು, ಟಪಾಲು, ಮಸಿ, ಸ್ವಚ್ಛತೆಯ ಸಾಮಾನು. ಅದನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ತಾನೂಬಾಯಿಯನ್ನು ಆ ಮನೆಯಿಂದ ಈ ಮನೆಗೆ ಸರಿಸಿದೆ. ಹಾಜರಿ ಪುಸ್ತಕದಿಂದ ಹೆಸರು ತೆಗೆದೆ. ಮೂಲೆಯ ಅಂಗಡಿಯ ಓಸವಾಲ ಶೇಟ ತಿಂಗಳಿಗೊಂದು ಬಿಲ್ಲು ಬರೆದುಕೊಡುತ್ತಿದ್ದ, ಇಷ್ಟು ಕಸಬರಿಗೆ, ಇಷ್ಟು ಡಬ್ಬಿ ಫಿನೈಲು. ಬಿಲ್ಲಿನ ಮೊತ್ತ ಆಕೆಯ ತಿಂಗಳ ಕೂಲಿಗೆ ಪೈಸೆ ಹೆಚ್ಚುಕಡಿಮೆ ಇಲ್ಲದೆ ಸರಿ. ಅದರಲ್ಲಿ ಒಂದು ರೂಪಾಯಿಯೂ ನಮ್ಮ ಯಾರ ಜೇಬಿಗೂ ಹೋಗಲಿಲ್ಲ.

ಮೊದಲ ಶನಿವಾರ ಕೂಲಿ ಕೈಗಿಟ್ಟಾಗ ತಾನೂಬಾಯಿ ಹೆಬ್ಬೆರಳು ಚಾಚಿಕೊಂಡೇ ನಿಂತಳು.

"ಪುಸ್ತಕ ಎಲ್ಲೈತ್ರಿ?"

"ಇನ್ನ ಮ್ಯಾಲೆ ಬ್ಯಾಡ ಮಾವಶಿ. ಹಂಗ ತಗೊಂಡು ಹೋಗು."

"ಒತ್ತಲಾರದ ರೊಕ್ಕ ಹೆಂಗ್ರೀ ತಗೋಳೂದು? ನಾಳೆ ಯಾರಾರೆ ಬಂದು, ಈ ತಾನೂ ಎಂದ ದುಡದಾಳ ಅಂದ್ರ?"

"ನಾ ಇಲ್ಲೇನು? ಹೋಗು, ಅಂಜಬ್ಯಾಡ," ಎಂದು ನಕ್ಕೆ.

ಅಕ್ಷರ ಬಾರದ ಹೆಂಗಸಿಗೆ ತಿಳಿದದ್ದು ಬಿ.ಕಾಂ. ಮುಗಿಸಿದ ನನಗೆ ತಿಳಿಯಲಿಲ್ಲ. ಆ ನಗುವನ್ನು ನೆನೆದರೆ ಈಗ ಮೈಯೆಲ್ಲ ಮುಳ್ಳು.

ವರ್ಷಗಳು ಹೋದವು. ಒಮ್ಮೆ ಪುಣೆಯಿಂದ ಬಂದ ಆಡಿಟರ್ ಬಿಲ್ಲುಗಳ ಕಟ್ಟು ಬಿಚ್ಚಿ ನೋಡಿ, ಕನ್ನಡಕ ಹಣೆಗೇರಿಸಿ, "ಏನ್ರೀ, ಈ ಆಫೀಸಿನ್ಯಾಗ ಕಸಬರಗೀಲೆ ಕಸಾ ಹೊಡೀತೀರೋ, ಇಲ್ಲಾ ಭಾಕರಿ ಜೋಡಿ ಹಚಿಗೊಂಡು ತಿಂತೀರೋ?" ಎಂದು ಕೇಳಿದ. ಎಲ್ಲರೂ ನಕ್ಕೆವು. ಮಧ್ಯಾಹ್ನ ಜುಣಕ, ಭಾಕರಿ, ಹಸಿಮೆಣಸಿನ ಠೇಚಾ ತರಿಸಿ ಉಣ್ಣಿಸಿದೆವು. ಬಡಿಸಿದವಳು ತಾನೂಬಾಯಿಯೇ. ಊಟ ಮಾಡಿ, ಸಹಿ ಹಾಕಿ ಹೋದ.

ಎರಡು ಸಾವಿರದ ಆರರ ಮಾರ್ಚ್‌ನಲ್ಲಿ ಹೊಸ ಆದೇಶ ಬಂತು. ಹತ್ತು ವರ್ಷ ಎಡೆಬಿಡದೆ ದುಡಿದ ದಿನಗೂಲಿಯವರನ್ನು ಖಾಯಂ ಮಾಡಬೇಕು. ಪೂರ್ತಿ ಪಗಾರ, ಪಿಂಚಣಿ. ಖಾಯಂ ಆದವರು ತೀರಿಕೊಂಡರೆ, ದುಡಿಯಲಾಗದ ಮಕ್ಕಳಿಗೆ ಜೀವ ಇರುವತನಕ ಆ ಪಿಂಚಣಿ. ಜೂನ್ ಕೊನೆಯೊಳಗೆ ಹಾಜರಿ ಪುಸ್ತಕದ ನಕಲು ಲಗತ್ತಿಸಿ ಅರ್ಜಿ ಕಳಿಸಬೇಕು.

ಸುದ್ದಿಯನ್ನು ಆಕೆಗೆ ಹೇಳಿದವನು ಶಿಪಾಯಿ. ಮರುದಿನ ಮುಂಜಾನೆ ತಾನೂಬಾಯಿ ಕಂದೀ ಪೇಢೆಯ ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟಳು. ಹಬ್ಬದ ಹಸಿರು ಸೀರೆ ಉಟ್ಟಿದ್ದಳು.

"ಭಾವುಸಾಹೇಬ, ಇಪ್ಪತ್ತು ವರ್ಷ ಆತ್ರಿ ನಂದು. ಹತ್ತು ಬೇಕಂತ, ನನ್ನ ಹತ್ರ ಡಬ್ಬಲ್ ಅದಾವ," ಎಂದು ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ದನಿ ಇಳಿಸಿದಳು. "ಹಗಲೂ ರಾತ್ರಿ ಒಂದ ಚಿಂತಿ ಇತ್ರಿ, ನಾ ಸತ್ರ ಛಬೂಗ ತುತ್ತು ಹಾಕೂರು ಯಾರು ಅಂತ. ಇನ್ನ ನಾ ಸತ್ರೂ ಚಿಂತಿಲ್ಲ."

ಪೇಢೆ ಬಾಯಲ್ಲಿ ಇಟ್ಟುಕೊಂಡೆ. ಹಾಜರಿ ಪುಸ್ತಕದಲ್ಲಿ ಆಕೆಯ ಕೊನೆಯ ಹೆಬ್ಬಟ್ಟು ತೊಂಬತ್ನಾಲ್ಕರದು. ಎಂಟು ವರ್ಷ. ಎರಡು ಕಡಿಮೆ.

ಆಗಸ್ಟ್‌ನಲ್ಲಿ ನನ್ನ ನಿವೃತ್ತಿ. ನಿಜ ಬರೆದರೆ ಹನ್ನೆರಡು ವರ್ಷದ ಸುಳ್ಳು ಬಿಲ್ಲುಗಳು ಹೊರಗೆ ಬರುತ್ತವೆ. ವಿಚಾರಣೆ ಆಗುತ್ತದೆ, ಪಿಂಚಣಿ ನಿಲ್ಲುತ್ತದೆ. ಬರೆಯದಿದ್ದರೆ ಛಬೂ ಬೀದಿಗೆ. ನಾನು ಏನು ಮಾಡಿದೆ? ಹೇಡಿ ಮಾಡುವ ಕೆಲಸ ಮಾಡಿದೆ. ನಿಜವನ್ನೆಲ್ಲ ಒಂದು ಕಾಗದದಲ್ಲಿ ಬರೆದು ಖಾನೆಯಲ್ಲಿಟ್ಟು ಬೀಗ ಹಾಕಿದೆ. ದಿನಾ ತೆಗೆದು ಓದುವುದು, ಮತ್ತೆ ಇಡುವುದು. ಕೊನೆಗೆ ಮೇ ತಿಂಗಳಲ್ಲಿ ಬೇರೊಂದು ಕಾಗದ ಕಳಿಸಿದೆ. "ಸದರಿ ನೌಕರಳ ಕೂಲಿಯನ್ನು ಕಣ್ತಪ್ಪಿನಿಂದ ಕಚೇರಿ ಖರ್ಚಿನಲ್ಲಿ ತೋರಿಸಲಾಗಿದೆ" ಎಂದು ಎರಡು ಸಾಲು. ಬಿಲ್ಲಿನ ಮಾತೇ ಇಲ್ಲ. ಹತ್ತು ದಿನದಲ್ಲಿ ಉತ್ತರ ಬಂತು. ಹಾಗಾದರೆ ಆಕೆ ಹಣ ಪಡೆದ ಹೆಬ್ಬಟ್ಟಿನ ರಸೀದಿಗಳನ್ನು ಕಳಿಸಿ.

ರಸೀದಿ ಎಲ್ಲಿಂದ ತರಲಿ? ಬೇಡ, ಹಾಗೆಯೇ ತೆಗೆದುಕೊಂಡು ಹೋಗು ಎಂದವನು ನಾನೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಸಂಜೆ ಎಲ್ಲರೂ ಹೋದ ಮೇಲೆ ಆಕೆಯನ್ನು ಕೂಡಿಸಿಕೊಂಡು ಎಲ್ಲ ಹೇಳಿದೆ. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಛಬೂ ಒಡೆದ ಬಳೆಚೂರು ಜೋಡಿಸುತ್ತಿದ್ದಳು.

"ಅಂದ್ರ ಹನ್ನೆರಡು ವರ್ಷ ನಾ ಇಲ್ಲೇ ಇದ್ದಿಲ್ಲೇನ್ರಿ?"

"ಇದ್ದಿ ಮಾವಶಿ. ಕಾಗದದಾಗ ಇದ್ದಿಲ್ಲ."

"ಕಾಗದದಾಗ ಏನಿತ್ತು?"

ನಾನು ಹೇಳಿದೆ.

"ನಮ್ಮಪ್ಪ ಶಿಂದಿ ಗರಿ ಕಡದು ಕಸಬರಗಿ ಕಟ್ಟತಿದ್ದ," ಎಂದಳು. "ಓಣಿ ಓಣಿ ತಿರಗಿ ಮಾರತಿದ್ದ. ನೀ ಈ ಕೆಲಸಾ ಮಾಡಬ್ಯಾಡ ತಾನೂ, ಸರಕಾರಿ ಆಫೀಸಿನ್ಯಾಗ ಸೇರು ಅಂದಿದ್ದ. ಸೇರಿದ್ನೆಲ್ರಿ. ಕಸಬರಗೀನ ಆಗಿ ಕುಂತೆ."

ನನಗೆ ಅಳು ತಡೆಯಲಾಗಲಿಲ್ಲ. "ನಾಳೆ ಎಲ್ಲಾ ಖರೇ ಬರದು ಕಳಸ್ತೇನಿ. ನನ್ನ ಪಿಂಚಣಿ ಹೋದ್ರ ಹೋಗ್ಲಿ," ಎಂದೆ.

ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. "ಬರದ್ರ ನಂದು ಖಾಯಂ ಆಗ್ತದೇನ್ರಿ? ಆಣಿ ಮಾಡಿ ಹೇಳ್ರಿ."

ಆಣೆ ಮಾಡಲಾಗಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಸುಳ್ಳು ಬಿಲ್ಲಿನ ಮೇಲೆ ದುಡಿದವಳೆಂದು ಇದ್ದ ಕೆಲಸವನ್ನೂ ಕಿತ್ತುಕೊಂಡಾರು ಎಂಬ ಭಯವಿತ್ತು. ಹಾಗೆಂದೆ.

"ಮತ್ತ ಬ್ಯಾಡ ಬಿಡ್ರಿ. ನಿಮ್ಮ ಒಲೀನೂ ಯಾಕ ಆರಬೇಕು? ಇದ್ದದ್ದರೆ ಇರಲಿ," ಎಂದು ಎದ್ದಳು. ಕಸಬರಿಗೆ ತೆಗೆದುಕೊಂಡು ನನ್ನ ಮೇಜಿನ ಸುತ್ತ ಗುಡಿಸಿದಳು. ದಿನಾ ಗುಡಿಸುವ ಹೊತ್ತಾಗಿತ್ತು.

ನಾನು ಉಳಿದುಕೊಂಡೆ. ಅದು ನಿಜ, ಮುಚ್ಚಿಟ್ಟು ಏನು ಮಾಡಲಿ? ಆಕೆ ಬೇಡವೆಂದಾಗ ನನ್ನ ಎದೆ ಹಗುರಾಯಿತು. ಆ ಹಗುರನ್ನು ನಾನು ನನಗೆ ಇವತ್ತಿಗೂ ಕ್ಷಮಿಸಿಲ್ಲ. ಖಾನೆಯಲ್ಲಿದ್ದ ಕಾಗದವನ್ನು ಹರಿದೆ. ಜೂನ್ ಮುಗಿಯಿತು. ಆಗಸ್ಟ್‌ನಲ್ಲಿ ನನಗೆ ಶಾಲು ಹೊದಿಸಿ, ಗಿಜರೆಯವರು ಮಂಡಳದ ಒಂದು ಪೈಸೆ ಪೋಲಾಗಲು ಬಿಡಲಿಲ್ಲ ಎಂದು ಭಾಷಣ ಮಾಡಿದರು. ಬಿದ್ದ ಹೂವಿನ ಪಕಳೆಗಳನ್ನು ತಾನೂಬಾಯಿ ಗುಡಿಸಿದಳು.

ನನ್ನ ನಂತರ ಬಂದ ಗುಮಾಸ್ತನೂ ಅದೇ ಬಿಲ್ಲುಗಳನ್ನು ನಡೆಸಿಕೊಂಡು ಹೋದ. ಎರಡು ಸಾವಿರದ ಹನ್ನೊಂದರ ಮಳೆಗಾಲದಲ್ಲಿ ಆಕೆಗೆ ಕಾಮಾಲೆ ಆಯಿತು. ರಜೆ ಹಾಕಿದರೆ ಕೂಲಿ ಇಲ್ಲ, ರಜೆ ಹಾಕಲಿಲ್ಲ. ಕಣ್ಣು ಅರಿಸಿನದಂತೆ ಹಳದಿಯಾಗಿ, ಮೆಟ್ಟಿಲ ಮೇಲೆ ಕುಸಿದ ದಿನ ದವಾಖಾನೆಗೆ ಸೇರಿಸಿದರು. ನಾನು ಹೋದಾಗ ಮಾತು ಸಣ್ಣಗಾಗಿತ್ತು. ನನ್ನ ಕೈ ಹಿಡಿದಳು.

"ಛಬೂಗ ಫಿಟ್ಸ್ ಬಂದಾಗ ಎಡಕ್ಕ ಹೊಳ್ಳಸಬೇಕ್ರಿ. ಮರೀಬ್ಯಾಡ್ರಿ. ಎಡಕ್ಕ," ಎಂದಳು.

ಮೂರನೆಯ ದಿನ ಹೋದಳು. ಆಕೆಗಿನ್ನೂ ಐವತ್ತು ತುಂಬಿರಲಿಲ್ಲ.

ಛಬೂಳನ್ನು ಎರಡು ತಿಂಗಳು ನಮ್ಮ ಮನೆಯಲ್ಲಿ ಇಟ್ಟುಕೊಂಡೆವು. ನನ್ನ ಹೆಂಡತಿಗೆ ಎರಡೂ ಮೊಣಕಾಲು ಹೋಗಿದ್ದವು. ಇಪ್ಪತ್ತೇಳು ವರ್ಷದ ಹುಡುಗಿ ನೆಲಕ್ಕೆ ಬಿದ್ದು ಒದ್ದಾಡುವಾಗ ನಾವಿಬ್ಬರೂ ಸೇರಿದರೂ ಆಕೆಯನ್ನು ಎಡಕ್ಕೆ ಹೊರಳಿಸಲಾಗುತ್ತಿರಲಿಲ್ಲ. ಕೊನೆಗೆ ಮಿರಜದ ಒಂದು ಆಶ್ರಮಕ್ಕೆ ಸೇರಿಸಿದೆ. ಬಿಟ್ಟು ಬರುವಾಗ ಅವಳು ಅಳಲಿಲ್ಲ. ಸಂಜೆಗೆ ಅವ್ವ ಬಂದು ಕರೆದೊಯ್ಯುತ್ತಾಳೆ ಎಂದುಕೊಂಡಿದ್ದಳು.

ಮರುವರ್ಷ ಪಿಂಚಣಿಯ ಕಾಗದವೊಂದಕ್ಕೆ ಆಫೀಸಿಗೆ ಹೋಗಿದ್ದೆ. ಗುಡಿಸುವುದಕ್ಕೆ ಈಗ ಮುಖ್ಯ ಕಚೇರಿಯೇ ಗುತ್ತಿಗೆಯವರನ್ನು ಕಳಿಸುತ್ತದೆ, ಶಾಖೆಯ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಜಾಗದಲ್ಲಿ ಕೂತ ಹೊಸ ಹುಡುಗಿ ಖುಷಿಯಿಂದ ಒಂದು ಪತ್ರ ತೋರಿಸಿದಳು. "ನೋಡ್ರಿ ಕಾಕಾ, ನಮ್ಮ ಶಾಖೆಗೆ ಶಾಭಾಸಕೀ ಬಂದದ!" ಮುಂಬಯಿಯಿಂದ ಬಂದ ಪತ್ರ. ಕರಾಡ ಶಾಖೆಯು ಸ್ವಚ್ಛತಾ ಸಾಮಗ್ರಿಯ ಖರ್ಚನ್ನು ಗಣನೀಯವಾಗಿ ಇಳಿಸಿದೆ, ಇತರ ಶಾಖೆಗಳು ಇದನ್ನು ಅನುಸರಿಸಬೇಕು. ಇಳಿಕೆ ಆರಂಭವಾದ ತಿಂಗಳೂ ಅದರಲ್ಲಿತ್ತು. ತಾನೂಬಾಯಿ ಸತ್ತ ತಿಂಗಳು. ನಾನು ಪತ್ರವನ್ನು ಆ ಹುಡುಗಿಗೆ ಮರಳಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ. ಆಕೆ ಕುಸಿದದ್ದೂ ಅದೇ ಮೆಟ್ಟಿಲ ಮೇಲೆ.

ಪ್ರತಿ ತಿಂಗಳು ಪಿಂಚಣಿ ಬಂದ ದಿನ ಮಿರಜಕ್ಕೆ ಹೋಗುತ್ತೇನೆ. ಆಶ್ರಮದವರಿಗೆ ಕೊಡುವುದನ್ನು ಕೊಟ್ಟು, ಛಬೂಳ ಕೈಗೆ ಒಂದು ನೋಟು ಇಡುತ್ತೇನೆ. ಮೊದಲ ಸಲ ಇಟ್ಟಾಗ ಅವಳು ನೋಟನ್ನು ಮುಟ್ಟಲೇ ಇಲ್ಲ. ಎಡಗೈ ಹೆಬ್ಬೆರಳು ಚಾಚಿಕೊಂಡು ನಿಂತಳು, ಅವ್ವ ನಿಂತ ಹಾಗೆಯೇ. ನನ್ನ ಹತ್ತಿರ ಮಸಿಯೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ.

ಅದರ ಮುಂದಿನ ತಿಂಗಳಿನಿಂದ ಎರಡನ್ನೂ ಒಯ್ಯುತ್ತಿದ್ದೇನೆ. ಪುಸ್ತಕದ ಮೇಲೆ "ಸಿಬ್ಬಂದಿ ಪಗಾರ" ಎಂದು ಬರೆದಿದ್ದೇನೆ. ಒಳಗೆ ತಾರೀಖು ಹಾಕಿ, ತಾನೂಬಾಯಿ ವಾಯದಂಡೆ ಎಂದು ಪೂರ್ತಿ ಹೆಸರು ಬರೆದು ಅವಳ ಮುಂದೆ ಹಿಡಿಯುತ್ತೇನೆ. ಇಂಥ ಪುಸ್ತಕ ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ಅದು ನನಗೆ ಗೊತ್ತು, ಛಬೂಗೆ ಗೊತ್ತಿಲ್ಲ.

ಮೊನ್ನೆ ಹೋದಾಗಲೂ ಒತ್ತಿದಳು. ನಾನು ಬೆರಳು ಒರೆಸುತ್ತಿದ್ದೆ. ಅವಳ ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿದೆ.

"ನಾ ಒತ್ತೀನಿ ಅಂತ ಅವ್ವಗ ಹೇಳು," ಎಂದಳು.

ಹೇಳುತ್ತೇನೆ ಎಂದೆ.